ಆಂಬ್ಯುಲೆನ್ಸಿನ ಹಿಂಬದಿಯಲ್ಲಿ ಕುಳಿತವರು

2022ರ ಜುಲೈ 20ರಂದು ಬೈಂದೂರು ಸಮೀಪದ ಶಿರೂರು ಟೋಲ್‌ಗೇಟ್‌ನಲ್ಲಿ ನಡೆದ ದುರಂತದ ದೃಶ್ಯವನ್ನು ನಮ್ಮಲ್ಲಿ ಅನೇಕರು ಮೊಬೈಲ್‌ನಲ್ಲಿ ನೋಡಿದ್ದಾರೆ. ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯೊಬ್ಬರನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಮಳೆಗೆ ಒದ್ದೆಯಾಗಿದ್ದ ರಸ್ತೆಯಲ್ಲಿ ಜಾರಿ ಮಗುಚಿ ಬಿತ್ತು. ಬರುತ್ತಿರುವ ವಾಹನಕ್ಕೆ ದಾರಿ ಮಾಡಿಕೊಡಲೆಂದು ಟೋಲ್ ಸಿಬ್ಬಂದಿ ಅಡ್ಡಗಟ್ಟೆಗಳನ್ನು ಎಳೆದು ಸರಿಸುತ್ತಿದ್ದ ಹೊತ್ತಿಗೇ ಅದು ಸಂಭವಿಸಿತು. ರೋಗಿಯೂ ಸೇರಿ ನಾಲ್ವರು ಮೃತಪಟ್ಟರು. ಆ ಬಳಿಕ ದಿನಗಟ್ಟಲೆ ಚರ್ಚೆ ನಡೆಯಿತು. ವೇಗ ಎಷ್ಟಿತ್ತು, ರಸ್ತೆಯಲ್ಲಿ ನೀರು ನಿಂತದ್ದೇಕೆ, ತಪ್ಪು ಚಾಲಕನದೋ ಟೋಲ್‌ನವರದೋ ಎಂಬ ಪ್ರಶ್ನೆಗಳೆಲ್ಲ ಎದ್ದವು. ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಬೀದಿಗೆ ಬಂತು. ‘ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ’ ಎಂಬ ಅಭಿಯಾನ ನಡೆಯಿತು. ಕುಮಟಾದಲ್ಲಿ ಆಸ್ಪತ್ರೆ ಸ್ಥಾಪಿಸುವ ಭರವಸೆಯೂ ಸರಕಾರದಿಂದ ಬಂತು. ಎಲ್ಲವೂ ನ್ಯಾಯವಾದ ಚರ್ಚೆಯೇ. ಆದರೆ ಇಡೀ ಚರ್ಚೆಯಲ್ಲಿ ಒಂದು ಪ್ರಶ್ನೆಗೆ ಮಾತ್ರ ಜಾಗ ಸಿಗಲಿಲ್ಲ. ಈ ಕರಾವಳಿಯ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಓಡುವ ನೂರಾರು ಆಂಬ್ಯುಲೆನ್ಸ್‌ಗಳ ಹಿಂಬದಿಯಲ್ಲಿ ರೋಗಿಯ ಪಕ್ಕ ಕುಳಿತುಕೊಳ್ಳುವವರು ಯಾರು? ಅವರಿಗೆ ಏನು ಗೊತ್ತಿದೆ? ಅವರ ಕೈಯಲ್ಲಿ ಏನಿದೆ?

ಇದು ಸಣ್ಣ ಪ್ರಶ್ನೆಯಲ್ಲ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ, ತಾಲೂಕು ಕೇಂದ್ರಗಳಲ್ಲಿ ಆಸ್ಪತ್ರೆಗಳಿವೆ. ಹಾಗಿದ್ದೂ ಮೆದುಳಿನಲ್ಲಿ ರಕ್ತಸ್ರಾವವಾದವರು, ತುರ್ತು ಹೃದಯ ಚಿಕಿತ್ಸೆ ಬೇಕಾದವರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ಗಡಿ ದಾಟಲೇಬೇಕು. ಭಟ್ಕಳದವರು ಸುಮಾರು 90 ಕಿಲೋಮೀಟರ್ ದೂರದ ಮಣಿಪಾಲಕ್ಕೋ ಇನ್ನೂ ಮುಂದಿನ ಮಂಗಳೂರಿಗೋ ಹೋಗುತ್ತಾರೆ. ಶಿರಸಿಯವರು ಹುಬ್ಬಳ್ಳಿಯತ್ತ, ಕಾರವಾರದವರು ಗೋವಾದತ್ತ ಮುಖ ಮಾಡುತ್ತಾರೆ. ಕೊಡಗಿನವರಿಗೆ ಮೈಸೂರು ಅಥವಾ ಮಂಗಳೂರು, ಕಾಸರಗೋಡಿನವರಿಗೆ ಮಂಗಳೂರು. 2020ರ ಮಾರ್ಚ್‌ನಲ್ಲಿ ಕೊರೋನಾ ಭಯದಿಂದ ತಲಪಾಡಿ ಗಡಿಯನ್ನು ಮುಚ್ಚಿದಾಗ ಏನಾಯಿತೆಂಬುದು ನೆನಪಿರಬಹುದು. ರೋಗಿಗಳನ್ನು ಹೊತ್ತ ಆಂಬ್ಯುಲೆನ್ಸ್‌ಗಳು ಗಡಿಯಿಂದ ಹಿಂತಿರುಗಿದವು, ಮಂಗಳೂರನ್ನೇ ನಂಬಿದ್ದ ಹಲವರು ಚಿಕಿತ್ಸೆ ಸಿಗದೆ ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ 7ರಂದು ರೋಗಿಗಳ ಸಂಚಾರದ ಬಗ್ಗೆ ಒಪ್ಪಂದವಾದ ವಿಚಾರ ನ್ಯಾಯಾಲಯದಲ್ಲಿ ದಾಖಲಾಯಿತು. ನಮ್ಮ ಜನರ ಜೀವ ಎಷ್ಟರ ಮಟ್ಟಿಗೆ ಒಂದು ರಸ್ತೆಗೆ, ಒಂದು ವಾಹನಕ್ಕೆ ಕಟ್ಟಿಹೋಗಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆಂಬ್ಯುಲೆನ್ಸ್ ಎಂದಾಕ್ಷಣ ನಮಗೆ ಹೊಳೆಯುವುದು ಅಪಘಾತ. ರಸ್ತೆಯಲ್ಲಿ ಬಿದ್ದವನನ್ನು ಎತ್ತಿ ಹತ್ತಿರದ ಆಸ್ಪತ್ರೆಗೆ ಮುಟ್ಟಿಸುವುದು. ಅದು ಒಂದು ಕೆಲಸ. ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಿಂದ ಇನ್ನೊಂದು ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ರೋಗಿಯನ್ನು ಸಾಗಿಸುವುದು ಬೇರೆಯೇ ಕೆಲಸ. ಈ ರೋಗಿಯ ಗಂಟಲಲ್ಲಿ ಆಗಲೇ ನಳಿಕೆಯಿದೆ. ಉಸಿರಾಟ ಯಂತ್ರದ್ದು. ರಕ್ತದೊತ್ತಡವನ್ನು ಹಿಡಿದು ನಿಲ್ಲಿಸಿರುವುದು ಸಿರಿಂಜ್ ಪಂಪಿನಿಂದ ಹನಿಹನಿಯಾಗಿ ಹೋಗುತ್ತಿರುವ ಔಷಧಿ. ಆಸ್ಪತ್ರೆಯೊಳಗೆ ಇವನನ್ನು ನೋಡಿಕೊಳ್ಳಲು ಒಬ್ಬ ತಜ್ಞ ವೈದ್ಯ, ಇಬ್ಬರು ದಾದಿಯರು, ಗೋಡೆಯಿಂದ ಬರುವ ಆಮ್ಲಜನಕ, ಎಂದೂ ಕೈಕೊಡದ ವಿದ್ಯುತ್ತು ಎಲ್ಲವೂ ಇದ್ದವು. ಬಾಗಿಲು ದಾಟಿ ವಾಹನ ಹತ್ತಿದ ಕ್ಷಣದಿಂದ ಇಷ್ಟೂ ಹೊಣೆ ಒಬ್ಬ ತಂತ್ರಜ್ಞನ ಹೆಗಲಿಗೆ ಬೀಳುತ್ತದೆ. ರೋಗಿ ಅತ್ಯಂತ ದುರ್ಬಲನಾಗಿರುವ ಹೊತ್ತಿಗೆ ಅವನ ಸುತ್ತಲಿನ ಬೆಂಬಲ ಅತ್ಯಂತ ತೆಳುವಾಗುತ್ತದೆ. ಎರಡು ಆಸ್ಪತ್ರೆಗಳ ನಡುವಿನ ಆ ಎರಡು ಮೂರು ಗಂಟೆಗಳನ್ನು ನಾವು ‘ಪ್ರಯಾಣ’ ಎಂದು ಕರೆಯುತ್ತೇವೆ. ಅದು ಚಿಕಿತ್ಸೆಯ ಅತಿ ಕಠಿಣ ಘಟ್ಟವೆಂಬುದನ್ನು ಒಪ್ಪಲು ನಮ್ಮ ವ್ಯವಸ್ಥೆಯೂ ಸಿದ್ಧವಿಲ್ಲ, ನಾವೂ ಸಿದ್ಧರಿಲ್ಲ.

ತನ್ನ ಕೆಲಸ ಬಲ್ಲ ಸಿಬ್ಬಂದಿ ಹೊರಡುವ ಮೊದಲು ಏನು ಮಾಡುತ್ತಾನೆಂದು ಸ್ವಲ್ಪ ಗಮನಿಸಬೇಕು. ಗಂಟಲಿನ ನಳಿಕೆ ತುಟಿಯ ಬಳಿ ಎಷ್ಟನೆಯ ಗುರುತಿಗೆ ನಿಂತಿದೆ ಎಂದು ನೋಡಿ ಬರೆದುಕೊಳ್ಳುತ್ತಾನೆ. ದಾರಿಯಲ್ಲಿ ಅದು ಅರ್ಧ ಇಂಚು ಸರಿದರೂ ತಿಳಿಯಬೇಕಲ್ಲ! ಅದನ್ನು ಬಿಗಿದ ಪಟ್ಟಿಯನ್ನು ಎಳೆದು ಪರೀಕ್ಷಿಸುತ್ತಾನೆ. ಒಂದು ಸೂಜಿ ಕೈಕೊಟ್ಟರೆ ಇನ್ನೊಂದು ಇರಲೆಂದು ಎರಡು ಕಡೆ ರಕ್ತನಾಳಕ್ಕೆ ದಾರಿ ಇದೆಯೇ ಎಂದು ನೋಡುತ್ತಾನೆ. ಪಂಪಿನ ಬ್ಯಾಟರಿ, ಮಾನಿಟರಿನ ಬ್ಯಾಟರಿ, ಕಫ ಹೀರುವ ಯಂತ್ರ, ಯಂತ್ರ ಕೆಟ್ಟರೆ ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗ್ ಇವೆಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಾನೆ. ಪಂಪಿನಲ್ಲಿರುವ ಔಷಧಿ ದಾರಿಮಧ್ಯೆ ಮುಗಿಯುವುದಾದರೆ ಮುಂದಿನ ಸಿರಿಂಜ್ ಈಗಲೇ ತುಂಬಿಸಿ, ಹೆಸರು ಬರೆದು ಅಂಟಿಸಿ ಇಟ್ಟುಕೊಳ್ಳುತ್ತಾನೆ. ಏಕೆಂದರೆ ಕುಲುಕಾಡುವ ವಾಹನದಲ್ಲಿ, ಮಂದ ಬೆಳಕಿನಲ್ಲಿ, ಸೈರನ್ನಿನ ಸದ್ದಿನಲ್ಲಿ ಔಷಧಿ ಅಳೆಯುವುದು ತಪ್ಪಿಗೆ ದಾರಿ. ಸಿ.ಟಿ. ಸ್ಕ್ಯಾನಿನ ಫಿಲ್ಮು, ರಕ್ತದ ಗುಂಪಿನ ಚೀಟಿ, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟದ್ದೆಂಬ ಹಾಳೆ ಕೈಗೆ ಬಾರದೆ ಅವನು ಹೊರಡುವುದಿಲ್ಲ. ಇಷ್ಟಕ್ಕೆ ಇಪ್ಪತ್ತು ನಿಮಿಷ ಬೇಕು. ಹೊರಗೆ ನಿಂತ ಬಂಧುಗಳು ಆ ಇಪ್ಪತ್ತು ನಿಮಿಷದಲ್ಲಿ ಅವನಿಗೆ ಹತ್ತು ಸಲ ಬೈದಿರುತ್ತಾರೆ.

ಆಮ್ಲಜನಕದ ಲೆಕ್ಕವನ್ನೇ ನೋಡಿ. ನಮ್ಮಲ್ಲಿ ‘ಬಿ ಟೈಪ್’ ಎಂದು ಕರೆಯುವ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು ಎರಡೂವರೆ ಗಂಟೆ ಬಾಳುತ್ತದೆ. 15 ಲೀಟರ್ ಬೇಕಾದರೆ ಒಂದು ಗಂಟೆ ನಲವತ್ತು ನಿಮಿಷ. ಭಟ್ಕಳದಿಂದ ಮಣಿಪಾಲಕ್ಕೆ ಎರಡು ಗಂಟೆ ಹಿಡಿಯುವ ಮಳೆಗಾಲದ ರಾತ್ರಿಯಲ್ಲಿ ಒಂದೇ ಸಿಲಿಂಡರ್ ಇಟ್ಟುಕೊಂಡು ಹೊರಟವನು ಕುಂದಾಪುರ ದಾಟಿದ ಮೇಲೆ ಮೀಟರಿನ ಮುಳ್ಳನ್ನೇ ನೋಡುತ್ತ ಕೂರಬೇಕಾಗುತ್ತದೆ. ದಾರಿಗೆ ಬೇಕಾದುದರ ಇಮ್ಮಡಿ ಒಯ್ಯಬೇಕೆಂಬುದು ಈ ಕೆಲಸದ ಮೊದಲ ಪಾಠ. ಘಾಟಿಯಲ್ಲಿ ಮರ ಬಿದ್ದು ಒಂದು ಗಂಟೆ ನಿಂತರೂ ರೋಗಿ ಉಸಿರಾಡಬೇಕು. ಇನ್ನು ಉಸಿರಾಟ ಯಂತ್ರವೇ ಇಲ್ಲದ ವಾಹನವಾದರೆ ಆಂಬು ಬ್ಯಾಗನ್ನು ಕೈಯಿಂದ ಒತ್ತಬೇಕು. ದೊಡ್ಡವರಿಗೆ ಆರು ಸೆಕೆಂಡಿಗೊಮ್ಮೆ. ಎರಡು ಗಂಟೆಗೆ 1,200 ಸಲ! ಬೇಗ ಒತ್ತಿದರೂ ಅಪಾಯ, ನಿಧಾನಿಸಿದರೂ ಅಪಾಯ. ಈ ಚೀಲವನ್ನು ರೋಗಿಯ ಮಗನ ಕೈಗೆ ಕೊಟ್ಟು ‘ಒತ್ತುತ್ತಾ ಇರಿ’ ಎಂದು ಹೇಳಿ ಕಳುಹಿಸಿದ ಉದಾಹರಣೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ತಂದೆಯ ಉಸಿರನ್ನು ಮಗನ ನಡುಗುವ ಬೆರಳುಗಳಿಗೆ ವಹಿಸಿ ಕೈತೊಳೆದುಕೊಳ್ಳುವುದನ್ನು ರೋಗಿಯ ವರ್ಗಾವಣೆ ಎಂದು ಕರೆಯಬೇಕೇ?

ಹೀಗಿರುವಾಗ ನಮ್ಮ ಸಮಾಜ ಯಾವುದಕ್ಕೆ ಚಪ್ಪಾಳೆ ತಟ್ಟುತ್ತಿದೆ? ವೇಗಕ್ಕೆ. 2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ 40 ದಿನಗಳ ಶಿಶುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ನಾಲ್ಕೂವರೆ ಗಂಟೆಯೊಳಗೆ ತಲುಪಿಸಿದಾಗ ಇಡೀ ರಾಜ್ಯ ಉಸಿರು ಬಿಗಿಹಿಡಿದು ನೋಡಿತು. ಊರೂರಿನಲ್ಲಿ ಪೊಲೀಸರು, ಯುವಕರು ರಸ್ತೆ ತೆರವು ಮಾಡಿ ನಿಂತರು. ಜಾತಿ ಧರ್ಮ ಕೇಳದೆ ನಿಂತರು. ದ್ವೇಷದ ಸುದ್ದಿಗಳೇ ತುಂಬಿದ್ದ ಆ ದಿನಗಳಲ್ಲಿ ಅದೊಂದು ತಂಪಾದ ಗಾಳಿಯಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಚಾಲಕನಿಗೆ ಸಂದ ಗೌರವವೂ ಯೋಗ್ಯವಾದುದೇ. ಆದರೆ ಆ ನಾಲ್ಕೂವರೆ ಗಂಟೆ ಶಿಶುವಿನ ಮೈ ಬಿಸಿ ಆರದಂತೆ, ಹಿಡಿಯಷ್ಟು ಎದೆಯ ಏರಿಳಿತ ತಪ್ಪದಂತೆ ಕಣ್ಣಲ್ಲಿ ಕಣ್ಣಿಟ್ಟು ಕುಳಿತವರ ಬಗ್ಗೆ ನಮಗೇನಾದರೂ ನೆನಪಿದೆಯೇ? ನವಜಾತ ಶಿಶು ತಣ್ಣಗಾದರೆ ಹೃದಯ ಚೆನ್ನಾಗಿದ್ದರೂ ಉಳಿಯುವುದು ಕಷ್ಟ. ಗಂಟೆಗೆ ನೂರರ ವೇಗದಲ್ಲಿ ತಿರುವು ತೆಗೆಯುವ ವಾಹನದಲ್ಲಿ ನಿಂತು ಎದೆ ಒತ್ತಲು ಆಗುವುದಿಲ್ಲ. ಸ್ಟೆತಸ್ಕೋಪಿನಲ್ಲಿ ಏನೂ ಕೇಳಿಸುವುದಿಲ್ಲ. ಬ್ರೇಕ್ ಹಾಕಿದಾಗಲೆಲ್ಲ ರೋಗಿಯ ದೇಹದೊಳಗಿನ ರಕ್ತವೂ ಮುಂದಕ್ಕೆ ಚಿಮ್ಮಿ ಹಿಂದಕ್ಕೆ ಸರಿಯುತ್ತದೆ. ಹಂಪ್ ಹಾರಿದರೆ ಬೆನ್ನುಮೂಳೆ ಮುರಿದವನ ಗತಿಯೇನು? ಹೊರಡುವ ಮೊದಲು ರೋಗಿಯನ್ನು ಸ್ಥಿರಗೊಳಿಸಿದ್ದರೆ, ದಾರಿಯಲ್ಲಿ ನೋಡಿಕೊಳ್ಳಲು ಬಲ್ಲವರಿದ್ದರೆ, ಹತ್ತು ಹದಿನೈದು ನಿಮಿಷ ತಡವಾಗುವುದರಿಂದ ಕೆಡುವುದು ಹೆಚ್ಚಿನ ಸಂದರ್ಭಗಳಲ್ಲಿ ಕಡಿಮೆ. ಅದಿಲ್ಲದಿದ್ದರೆ ಎಷ್ಟೇ ವೇಗವಾಗಿ ಹೋದರೂ ತಲುಪುವುದು ಹೆಣವೇ ಆಗಬಹುದು.

ಅದಕ್ಕೂ ಒಂದು ವರ್ಷ ಮೊದಲು, 2019ರ ಏಪ್ರಿಲ್‌ನಲ್ಲಿ, ಇಂಥದೇ ಇನ್ನೊಂದು ಪ್ರಯಾಣ ನಡೆದಿತ್ತು. 15 ದಿನಗಳ ಹಸುಗೂಸನ್ನು ಮಂಗಳೂರಿನಿಂದ ಕೇರಳದ ತಿರುವನಂತಪುರಕ್ಕೆ ಒಯ್ಯುವುದೆಂದು ತೀರ್ಮಾನವಾಗಿ ವಾಹನ ಹೊರಟಿತು. ಆರುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಮಧ್ಯೆ ಕೇರಳದ ಅಂದಿನ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಮಧ್ಯಪ್ರವೇಶಿಸಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ವ್ಯವಸ್ಥೆ ಮಾಡಿಸಿದರು. ಸುಮಾರು 400 ಕಿಲೋಮೀಟರನ್ನು ಐದೂವರೆ ಗಂಟೆಯಲ್ಲಿ ಕ್ರಮಿಸಿ ಮಗು ಅಲ್ಲಿಗೆ ತಲುಪಿತು. ಜನರ ಬಾಯಲ್ಲಿ ಉಳಿದದ್ದು ಆ ಐದೂವರೆ ಗಂಟೆ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಇನ್ನೂರು ಕಿಲೋಮೀಟರ್ ಉಳಿಸಿದ ಆ ಒಂದು ತೀರ್ಮಾನ. ಯಾವ ಚಾಲಕನೂ ಎಷ್ಟೇ ಜೀವ ಪಣಕ್ಕಿಟ್ಟು ಓಡಿಸಿದರೂ ಅಷ್ಟು ಸಮಯ ಉಳಿಸಲಾರ. ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿದೆ, ಯಾವ ವೈದ್ಯ ಈ ಹೊತ್ತಿನಲ್ಲಿ ಇದ್ದಾರೆ, ಯಾವ ಯಂತ್ರ ಕೆಲಸ ಮಾಡುತ್ತಿದೆ ಎಂಬುದನ್ನು ಹೊರಡುವ ಮೊದಲೇ ಹೇಳಬಲ್ಲ ವ್ಯವಸ್ಥೆಯೊಂದು ಇರಬೇಕಲ್ಲವೇ? ಅದಕ್ಕೆ ಪ್ರತಿ ಸಲವೂ ಒಬ್ಬ ಸಚಿವರೇ ಫೋನ್ ಎತ್ತಬೇಕೇ?

ಈ ಪ್ರಶ್ನೆಯನ್ನು ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ಎತ್ತಿದೆ. 1992ರಲ್ಲಿ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕನೊಬ್ಬ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಒಂದು ಸರಕಾರಿ ಆಸ್ಪತ್ರೆಯಲ್ಲಿ ಸೌಲಭ್ಯವಿಲ್ಲ, ಇನ್ನೊಂದರಲ್ಲಿ ಹಾಸಿಗೆಯಿಲ್ಲ, ಮತ್ತೊಂದರಲ್ಲಿ ತಜ್ಞರಿಲ್ಲ ಎಂದು ಕಲ್ಕತ್ತಾದ ಬೀದಿಗಳಲ್ಲಿ ಅವನನ್ನು ಅಲೆದಾಡಿಸಲಾಯಿತು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸ್ವಂತ ಹಣ ಸುರಿದು ಬದುಕಿದ. ಆ ಕಾರ್ಮಿಕರ ಸಂಘ ಹೂಡಿದ ಮೊಕದ್ದಮೆಯಲ್ಲಿ, ತುರ್ತು ಚಿಕಿತ್ಸೆ ನಿರಾಕರಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ನ್ಯಾಯಾಲಯ ಹೇಳಿ ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಹಾಸಿಗೆಗಳ ಲಭ್ಯತೆಯನ್ನು ತಿಳಿಸುವ ಕೇಂದ್ರೀಯ ಸಂಪರ್ಕ ವ್ಯವಸ್ಥೆಯಿರಬೇಕು, ಸಾಗಿಸಲು ಸಲಕರಣೆ ಮತ್ತು ಸಿಬ್ಬಂದಿಯುಳ್ಳ ಆಂಬ್ಯುಲೆನ್ಸ್ ಇರಬೇಕು ಎಂದೂ ಹೇಳಿತು. ಮೂರು ದಶಕಗಳು ಸಂದಿವೆ. ಇಂದಿಗೂ ನಮ್ಮ ಊರಿನ ರೋಗಿಗೆ ಸಿಗುವುದು ‘ಹೈಯರ್ ಸೆಂಟರ್‌ಗೆ ಕೊಂಡೊಯ್ಯಿರಿ’ ಎಂದು ಗೀಚಿದ ಒಂದು ಚೀಟಿ. ಯಾವ ಹೈಯರ್ ಸೆಂಟರ್, ಅಲ್ಲಿ ಯಾರೊಂದಿಗೆ ಮಾತಾಡಿದ್ದೀರಿ ಎಂದು ಕೇಳಿದರೆ ಉತ್ತರವಿಲ್ಲ. ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಒತ್ತಾಯಿಸುವಂತಿಲ್ಲ ಎಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ 2017ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ ಹಣದ ಮಾತು ಮುಗಿಯುವ ತನಕ ಆಂಬ್ಯುಲೆನ್ಸಿನ ಸ್ಟ್ರೆಚರ್ ಕೆಳಗಿಳಿಯದ ಸ್ಥಿತಿ ಇಲ್ಲವೆಂದು ಎಷ್ಟು ಆಸ್ಪತ್ರೆಗಳು ಎದೆ ತಟ್ಟಿ ಹೇಳಬಲ್ಲವು? ಬಾಗಿಲಲ್ಲಿ ನಿಂತ ಅಷ್ಟು ಹೊತ್ತೂ ವಾಹನದ ಸಿಲಿಂಡರಿನಿಂದಲೇ ರೋಗಿ ಉಸಿರಾಡುತ್ತಿರುತ್ತಾನೆ ಎಂಬುದನ್ನು ಕೌಂಟರಿನಲ್ಲಿ ಕುಳಿತವರು ಮರೆತಿರುತ್ತಾರೆ.

ಸರಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2008ರ ನವೆಂಬರ್ 1ರಂದು ಕರ್ನಾಟಕದಲ್ಲಿ ಆರಂಭವಾದ ‘ಆರೋಗ್ಯ ಕವಚ 108’ ಎಷ್ಟೋ ಜೀವ ಉಳಿಸಿದೆ. ಅದರ ಪ್ರತಿ ವಾಹನದಲ್ಲಿ ‘ಪೈಲಟ್’ ಎಂದು ಕರೆಯುವ ಚಾಲಕನೂ ತರಬೇತಿ ಪಡೆದ ತುರ್ತು ವೈದ್ಯಕೀಯ ತಂತ್ರಜ್ಞನೂ ಇರುತ್ತಾರೆ. ಬಡವನಿಗೆ ದುಡ್ಡಿಲ್ಲದೆ ಸಿಗುವ ಸೇವೆ ಅದು. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಪ್ರಕಟವಾದ ಹೃದಯ ಜ್ಯೋತಿ ಯೋಜನೆಯೂ ಸರಿಯಾದ ದಿಕ್ಕಿನದು. ಎದೆನೋವೆಂದು ಬಂದವನಿಗೆ ತಾಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಅಲ್ಲೇ ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳುಹಿಸುವ ಕ್ರಮ. ಅಂದರೆ ಓಡುವ ಮೊದಲು ಚಿಕಿತ್ಸೆ. ಹಾವು ಕಡಿದವನ ವಿಷಯದಲ್ಲೂ ಇದೇ ನ್ಯಾಯ. ವಿಷ ಏರಿದ ಲಕ್ಷಣವಿದ್ದರೆ ಪ್ರತಿವಿಷವನ್ನು ಮೊದಲ ಆಸ್ಪತ್ರೆಯಲ್ಲೇ ಶುರುಮಾಡಿ ಕಳುಹಿಸಬೇಕು. ನಾಗರಹಾವಿನ ವಿಷ ಉಸಿರಾಟದ ಸ್ನಾಯುಗಳನ್ನೇ ಸೋಲಿಸುವಾಗ ದಾರಿಯಲ್ಲಿ ಹುಡುಕುವುದಕ್ಕೇನೂ ಇರುವುದಿಲ್ಲ.

ಆದರೆ 108ರ ಸಿಬ್ಬಂದಿಯನ್ನೇ ಸರಕಾರ ಹೇಗೆ ನಡೆಸಿಕೊಂಡಿದೆ? ತಿಂಗಳ ಸಂಬಳಕ್ಕಾಗಿ ಅವರು ಮುಷ್ಕರದ ಎಚ್ಚರಿಕೆ ಕೊಟ್ಟದ್ದು ಒಂದೆರಡು ಸಲವಲ್ಲ. ಗುತ್ತಿಗೆ ಸಂಸ್ಥೆ ಸರಕಾರದತ್ತ ಬೆರಳು ತೋರಿಸುತ್ತದೆ, ಸರಕಾರ ಸಂಸ್ಥೆಯತ್ತ ತೋರಿಸುತ್ತದೆ. ಮಧ್ಯೆ ನಿಂತವನ ಮನೆಯಲ್ಲಿ ಬಾಡಿಗೆ ಕಟ್ಟಿರುವುದಿಲ್ಲ. ಹನ್ನೆರಡು ಗಂಟೆಯ ಪಾಳಿ ಮುಗಿಸಿ, ವಾಹನದೊಳಗಿನ ರಕ್ತ, ವಾಂತಿ ತೊಳೆದು ಮನೆಗೆ ಹೊರಟವನಿಗೆ ಈ ತಿಂಗಳು ಸಂಬಳ ಬರುವುದೋ ಇಲ್ಲವೋ ಎಂಬ ಚಿಂತೆ ಹಚ್ಚಿ ನಾಳೆಯೂ ನೀನು ಎಚ್ಚರದಿಂದಿರಬೇಕು ಎಂದು ಹೇಳುವುದು ಯಾವ ನ್ಯಾಯ? 2021ರಲ್ಲಿ ಸಂಸತ್ತು ಒಪ್ಪಿದ ಆರೋಗ್ಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತುರ್ತು ವೈದ್ಯಕೀಯ ತಂತ್ರಜ್ಞರನ್ನು ಒಂದು ವೃತ್ತಿಯಾಗಿ ಗುರುತಿಸಿದೆ. ಕಾಗದದ ಮೇಲಿನ ಈ ಮನ್ನಣೆ ಹೆದ್ದಾರಿಯಲ್ಲಿ ದುಡಿಯುವವನ ಸಂಬಳದ ಚೀಟಿಯಲ್ಲಿ ಇನ್ನೂ ಕಾಣಬೇಕಾಗಿದೆ.

ಖಾಸಗಿ ವಾಹನಗಳ ಲೋಕವಂತೂ ಬೇರೆಯೇ. ಆಂಬ್ಯುಲೆನ್ಸ್ ಹೇಗಿರಬೇಕೆಂಬುದಕ್ಕೆ ಕೇಂದ್ರ ಸರಕಾರದ ಎಐಎಸ್ 125 ಎಂಬ ಸಂಹಿತೆಯಿದೆ. ಕೇವಲ ರೋಗಿಯನ್ನು ಸಾಗಿಸುವ ವಾಹನ, ಪ್ರಾಥಮಿಕ ಜೀವರಕ್ಷಣೆಯ ವಾಹನ, ಉನ್ನತ ಜೀವರಕ್ಷಣೆಯ ವಾಹನ ಎಂದೆಲ್ಲ ಅದು ವಿಂಗಡಿಸುತ್ತದೆ. ಹೊರಗಿನಿಂದ ನೋಡುವವನಿಗೆ ಎಲ್ಲವೂ ಬಿಳಿಯ ವಾಹನ, ನೀಲಿ ದೀಪ. ‘ಐಸಿಯು ಆಂಬ್ಯುಲೆನ್ಸ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಒಳಗೆ ಉಸಿರಾಟ ಯಂತ್ರವಿದೆಯೆಂದಾಗಲೀ, ಇದ್ದರೂ ಅದನ್ನು ನಡೆಸಬಲ್ಲವರಿದ್ದಾರೆಂದಾಗಲೀ ಅರ್ಥವಲ್ಲ. 2021ರ ಎರಡನೇ ಅಲೆಯಲ್ಲಿ ಬಾಡಿಗೆ ಹೇಗೆ ಬೇಕಾಬಿಟ್ಟಿ ಏರಿತೆಂಬುದನ್ನು ಅನುಭವಿಸಿದ ಕುಟುಂಬಗಳು ನಮ್ಮ ಓದುಗರಲ್ಲೂ ಇದ್ದಾರೆ. ರೋಗಿಯನ್ನು ಇಂಥ ಆಸ್ಪತ್ರೆಗೇ ತಂದರೆ ಇಷ್ಟು ಕಮಿಷನ್ ಎಂಬ ವ್ಯವಹಾರವೂ ಗುಟ್ಟಾಗಿ ಉಳಿದಿಲ್ಲ. ಗಂಟಲಿಗೆ ನಳಿಕೆ ಹಾಕಿಸಿಕೊಂಡು ಮಲಗಿದವನ ದೇಹದ ಮೇಲೆ ದಲ್ಲಾಳಿತನ ನಡೆಸುವುದಕ್ಕಿಂತ ಹೀನ ದಂಧೆ ಬೇರೆ ಇದೆಯೇ?

ಹಾಗಾದರೆ ಇದು ನಮ್ಮಿಂದಾಗದ ಕೆಲಸವೇ? ಡಾಕ್ಟರುಗಳು, ದೊಡ್ಡ ಓದು ಓದಿದವರು ಮಾತ್ರ ಮಾಡಬಲ್ಲದ್ದೇ? ಇದಕ್ಕೆ ಉತ್ತರ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಚರಿತ್ರೆಯಲ್ಲಿದೆ. 1960ರ ದಶಕದಲ್ಲಿ ಅಲ್ಲಿ ರೋಗಿಗಳನ್ನು ಪೊಲೀಸ್ ವ್ಯಾನುಗಳಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಹಿಂಬದಿಯಲ್ಲಿ ನೋಡಿಕೊಳ್ಳಲು ಯಾರೂ ಇರುತ್ತಿರಲಿಲ್ಲ. ಹಿಲ್ ಡಿಸ್ಟ್ರಿಕ್ಟ್ ಎಂಬ ಕರಿಯರ ಕೇರಿಗೆ ಆ ವ್ಯಾನೂ ಸರಿಯಾಗಿ ಬರುತ್ತಿರಲಿಲ್ಲ. 1967ರಲ್ಲಿ ಅದೇ ಕೇರಿಯ, ಕೆಲಸವಿಲ್ಲದ, ‘ಇವರಿಂದೇನಾದೀತು’ ಎಂದು ಎಲ್ಲರೂ ಕೈಬಿಟ್ಟಿದ್ದ ಯುವಕರನ್ನು ಆರಿಸಿ ‘ಫ್ರೀಡಂ ಹೌಸ್’ ಎಂಬ ಆಂಬ್ಯುಲೆನ್ಸ್ ಸೇವೆ ಕಟ್ಟಲಾಯಿತು. ಉಸಿರು ನಿಂತವನಿಗೆ ಬಾಯಿಯಿಂದ ಉಸಿರು ಕೊಟ್ಟು ಎದೆ ಒತ್ತುವ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರಾದ ಡಾ. ಪೀಟರ್ ಸಫಾರ್ ಅವರೇ ಅವರಿಗೆ ತಿಂಗಳುಗಟ್ಟಲೆ ಪಾಠ ಹೇಳಿದರು. ಆ ಯುವಕರು ಓಡುವ ವಾಹನದೊಳಗೆ ಗಂಟಲಿಗೆ ನಳಿಕೆ ಹಾಕಿದರು, ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬದುಕಿಸಿದರು. ಮುಂದೆ ಅವರ ವೈದ್ಯಕೀಯ ನಿರ್ದೇಶಕಿಯಾದ ಡಾ. ನ್ಯಾನ್ಸಿ ಕ್ಯಾರೊಲಿನ್ ಈ ಅನುಭವದಿಂದ ಸಿದ್ಧಪಡಿಸಿದ ಪಠ್ಯಕ್ರಮವೇ ಆ ದೇಶದ ಪ್ಯಾರಾಮೆಡಿಕ್ ತರಬೇತಿಗೆ ಬುನಾದಿಯಾಯಿತು. 1975ರಲ್ಲಿ ನಗರಾಡಳಿತ ಈ ಸೇವೆಯನ್ನು ಮುಚ್ಚಿ ತನ್ನದೇ ಸೇವೆ ಆರಂಭಿಸಿತು, ಫ್ರೀಡಂ ಹೌಸ್‌ನ ಹೆಚ್ಚಿನವರನ್ನು ಕ್ರಮೇಣ ಹೊರಗೆ ತಳ್ಳಿತು. ಕಲಿಸಿದವರನ್ನೇ ಮರೆಯುವ ಚಾಳಿ ಎಲ್ಲ ದೇಶಗಳಲ್ಲೂ ಒಂದೇ. ಆದರೆ ಕಡೆಗಣಿಸಲ್ಪಟ್ಟ ಕೇರಿಯ ಹುಡುಗರಿಗೆ ತರಬೇತಿ, ಸಂಬಳ, ಗೌರವ ಕೊಟ್ಟರೆ ಅವರು ಏನಾಗಬಲ್ಲರು ಎಂಬುದನ್ನು ಆ ಎಂಟು ವರ್ಷಗಳು ಸಾಬೀತುಪಡಿಸಿದವು.

ನಮ್ಮ ಸಮುದಾಯ ಈ ರಂಗದಲ್ಲಿ ಹಿಂದೆ ಬಿದ್ದಿದೆಯೆಂದು ಯಾರೂ ಹೇಳಲಾರರು. ಕರಾವಳಿಯಲ್ಲಿ ಜಮಾಅತ್‌ಗಳು, ಯುವಕ ಸಂಘಗಳು, ಗಲ್ಫ್‌ನಲ್ಲಿರುವವರ ಕೂಟಗಳು ಎಷ್ಟೋ ಆಂಬ್ಯುಲೆನ್ಸ್‌ಗಳನ್ನು ಕೊಂಡು ಸಮಾಜಕ್ಕೆ ಕೊಟ್ಟಿವೆ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ಎದ್ದು ಬರುವ ಹುಡುಗರಿದ್ದಾರೆ. ಕೊರೋನಾ ಕಾಲದಲ್ಲಿ ಸ್ವಂತ ಮಕ್ಕಳೇ ದೂರ ನಿಂತಾಗ ಶವಗಳನ್ನು ಹೊತ್ತು, ಆಯಾ ಧರ್ಮದ ಪ್ರಕಾರ ಅಂತ್ಯಕ್ರಿಯೆಗೆ ನೆರವಾದವರೂ ಇವರೇ. ಈ ಹುಡುಗರ ಬಗ್ಗೆ ನಮಗೆ ಅಭಿಮಾನವಿದೆ. ಅದರಿಂದಲೇ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ವಾಹನಕ್ಕೆ ಇಪ್ಪತ್ತು ಲಕ್ಷ ಕೂಡಿಸುವ ನಾವು, ಅದರಲ್ಲಿ ಕುಳಿತುಕೊಳ್ಳುವವನ ತರಬೇತಿಗೆ ಇಪ್ಪತ್ತು ಸಾವಿರ ಕೂಡಿಸುವುದಿಲ್ಲ. ಲೋಕಾರ್ಪಣೆಗೆ ಶಾಮಿಯಾನ, ಬ್ಯಾನರ್, ಭಾಷಣ, ದಾನಿಗಳ ಭಾವಚಿತ್ರ ಎಲ್ಲವೂ ಇರುತ್ತವೆ. ಮರುವರ್ಷ ಹೋಗಿ ನೋಡಿದರೆ ಮಾನಿಟರ್ ಕೆಟ್ಟಿರುತ್ತದೆ, ಸಕ್ಷನ್ ಯಂತ್ರದ ಪೈಪು ಕಳೆದಿರುತ್ತದೆ, ಚಾಲಕನಿಗೆ ಮೂರನೇ ತಿಂಗಳಿನಿಂದ ಸಂಬಳವಿಲ್ಲ. ಒಂದೇ ಪಟ್ಟಣದಲ್ಲಿ ಮೂರು ಸಂಘಗಳ ಮೂರು ವಾಹನಗಳಿದ್ದು, ಮೂರರಲ್ಲೂ ಉಸಿರಾಟ ಯಂತ್ರವಿಲ್ಲದಿರುವ ಸ್ಥಿತಿಗಿಂತ, ಮೂರೂ ಸಂಘಗಳು ಸೇರಿ ಒಂದೇ ವಾಹನವನ್ನು ಸರಿಯಾಗಿ ನಡೆಸುವುದು ಲೇಸಲ್ಲವೇ? ಹೆಸರು ಯಾರದ್ದು ಎಂಬ ಪ್ರಶ್ನೆಯೇ ಇದಕ್ಕೆ ಅಡ್ಡಿಯಾಗಿರುವುದಾದರೆ, ಸೇವೆಯ ಉದ್ದೇಶವನ್ನು ನಾವು ಮರುಪರಿಶೀಲಿಸಬೇಕಾಗಿದೆ.

ಇನ್ನೊಂದು ಮಾತು ಹಲವರಿಗೆ ರುಚಿಸಲಾರದು. ಸಾಗಿಸಬೇಕಾದ ರೋಗಿಗಳಲ್ಲಿ ಹೆರಿಗೆಯ ವೇಳೆ ಅಪಸ್ಮಾರ ಬಂದ ತಾಯಂದಿರು, ರಕ್ತಸ್ರಾವ ನಿಲ್ಲದ ಬಾಣಂತಿಯರು ಕಡಿಮೆಯಲ್ಲ. ಅಂಥ ಸಂದರ್ಭದಲ್ಲಿ ಗಂಡಸು ತಂತ್ರಜ್ಞ ಹತ್ತಿರ ಬಂದರೆ ಕುಟುಂಬದವರು ಹಿಂಜರಿಯುತ್ತಾರೆ. ಹೆಣ್ಣು ಸಿಬ್ಬಂದಿ ಬೇಕೆನ್ನುತ್ತಾರೆ. ನ್ಯಾಯವಾದ ಬೇಡಿಕೆಯೇ. ಆದರೆ ಅದೇ ಕುಟುಂಬದ ಹುಡುಗಿ ನರ್ಸಿಂಗ್ ಕಲಿಯುತ್ತೇನೆಂದರೆ ‘ಅದು ನಮ್ಮಂಥವರ ಮನೆಯ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ, ರಾತ್ರಿ ಪಾಳಿ ಬೇರೆ’ ಎಂದು ಬಾಯಿ ಮುಚ್ಚಿಸುತ್ತೇವೆ. ಬೇರೆಯವರ ಮಗಳು ನಮ್ಮ ಮಗಳ ನಾಡಿ ಹಿಡಿಯಬೇಕು, ನಮ್ಮ ಮಗಳು ಮಾತ್ರ ಮನೆಯಲ್ಲಿರಬೇಕು. ಇದು ಯಾವ ಲೆಕ್ಕ? ರೋಗಿಯ ಪ್ರಾಣ ಕೈಯಲ್ಲಿರುವ ಹೊತ್ತಿನಲ್ಲಿ ಮುಟ್ಟುವ ಕೈ ಗಂಡಿನದೋ ಹೆಣ್ಣಿನದೋ ಎಂದು ವಾಹನ ನಿಲ್ಲಿಸಿ ವಾದ ಮಾಡುವುದಂತೂ ಯಾವ ರೀತಿಯಿಂದಲೂ ಸಲ್ಲದು.

ರೋಗಿಯ ಮನೆಯವರಿಗೂ ಪಾಲಿದೆ. ಆಂಬ್ಯುಲೆನ್ಸ್ ಹಿಂದೆ ನಾಲ್ಕು ಕಾರು, ಹತ್ತು ಬೈಕು ಹಾರನ್ ಬಾರಿಸುತ್ತ ಓಡುವುದನ್ನು ನಿಲ್ಲಿಸಬೇಕು. ಆ ಮೆರವಣಿಗೆಯಿಂದ ಚಾಲಕ ಗಾಬರಿಗೊಳ್ಳುವುದಲ್ಲದೆ ಬೇರೆ ಯಾವ ಉಪಕಾರವೂ ಆಗುವುದಿಲ್ಲ. ಆಂಬ್ಯುಲೆನ್ಸಿಗೆ ದಾರಿ ಬಿಡದವನಿಗೆ 2019ರ ತಿದ್ದುಪಡಿಯಂತೆ 10,000 ರೂಪಾಯಿ ದಂಡವಿದೆ. ಆದರೆ ತೆರವಾದ ದಾರಿಯಲ್ಲಿ ಅದರ ಬಾಲ ಹಿಡಿದು ಹೋಗುವವನೂ ಅಷ್ಟೇ ಅಪಾಯಕಾರಿ. ಒಳಗೆ ಕುಳಿತು ಮೊಬೈಲ್‌ನಲ್ಲಿ ನೇರಪ್ರಸಾರ ಮಾಡುವ ಚಟವನ್ನು ಏನೆನ್ನಬೇಕೋ ತಿಳಿಯದು. ಮಲಗಿದವನಿಗೂ ಮಾನವಿದೆ. ‘ಬೇಗ, ಬೇಗ’ ಎಂದು ಚಾಲಕನ ಬೆನ್ನಿಗೆ ಬೀಳುವ ಬದಲು, ಹೊರಡುವ ಮೊದಲು ವೈದ್ಯರಲ್ಲಿ ನಾಲ್ಕು ಮಾತು ಕೇಳಿ. ಎಲ್ಲಿಗೆ ಒಯ್ಯುತ್ತಿದ್ದೇವೆ, ಅಲ್ಲಿನ ವೈದ್ಯರೊಂದಿಗೆ ಮಾತಾಗಿದೆಯೇ, ಹಾಸಿಗೆ ಖಚಿತವೇ, ಹಿಂದೆ ಕುಳಿತುಕೊಳ್ಳುವವರು ಯಾರು. ಗಟ್ಟಿ ದನಿಯಲ್ಲಿ ಅಲ್ಲ, ಸಮಾಧಾನದಿಂದ ಕೇಳಿ. ಮತ್ತು ಆ ಇಪ್ಪತ್ತು ನಿಮಿಷ ಕಾಯಿರಿ.

ಕೆಲವೊಮ್ಮೆ ರೋಗಿ ದಾರಿಯಲ್ಲೇ ತೀರಿಕೊಳ್ಳುತ್ತಾನೆ. ಎಷ್ಟೇ ಸಿದ್ಧತೆಯಿದ್ದರೂ ಅದು ಆಗುತ್ತದೆ, ಏಕೆಂದರೆ ಹೊರಡುವಾಗಲೇ ಅವನು ಅಷ್ಟು ಗಂಭೀರನಾಗಿದ್ದ. ಮರಣವನ್ನು ಘೋಷಿಸುವ ಅಧಿಕಾರ ತಂತ್ರಜ್ಞನಿಗಿಲ್ಲ. ಆದ್ದರಿಂದ ಹತ್ತಿರದ ಆಸ್ಪತ್ರೆ ಸಿಗುವ ತನಕ ಅವನು ಎದೆ ಒತ್ತುತ್ತಲೇ ಇರಬೇಕು, ಮುಂದಿನ ಸೀಟಿನಿಂದ ಹಿಂತಿರುಗಿ ನೋಡುವ ಮಗನ ಕಣ್ಣನ್ನು ಎದುರಿಸುತ್ತಲೇ ಇರಬೇಕು. ಆಮೇಲೆ ಕೊರಳಪಟ್ಟಿಗೆ ಕೈ ಹಾಕುವವರೂ ಇದ್ದಾರೆ. ಆ ರಾತ್ರಿಯೇ ಇನ್ನೊಂದು ಕರೆ ಬಂದರೆ ಅವನು ಮತ್ತೆ ಹೊರಡಬೇಕು.

ಕುಮಟಾದ ಆಸ್ಪತ್ರೆ ಬಂದರೂ ಅದು ಪೂರ್ಣ ಕೆಲಸ ಆರಂಭಿಸಲು ವರ್ಷಗಳು ಬೇಕು. ತಜ್ಞರು, ದಾದಿಯರು ಬಂದು ನೆಲೆಯೂರಬೇಕು. ಅಲ್ಲಿಯ ತನಕ ಹೊನ್ನಾವರ, ಭಟ್ಕಳ, ಶಿರಸಿಗಳ ಗಂಭೀರ ರೋಗಿಗಳ ಚಿಕಿತ್ಸೆಯ ಎರಡು ಗಂಟೆ ಹೆದ್ದಾರಿಯಲ್ಲೇ ನಡೆಯುತ್ತದೆ. ಆ ಎರಡು ಗಂಟೆಗಾಗಿ ಜಿಲ್ಲಾಡಳಿತ ಈ ವರ್ಷವೇ ಮಾಡಬಹುದಾದ ಕೆಲಸಗಳಿವೆ. ಪ್ರತಿ ತಾಲೂಕಿಗೆ ಉಸಿರಾಟ ಯಂತ್ರವಿರುವ ಒಂದು ವಾಹನ, ಅದಕ್ಕೆ ತರಬೇತಾದ ಇಬ್ಬರು ಸಿಬ್ಬಂದಿ, ತಪ್ಪದೆ ಬರುವ ಸಂಬಳ, ಮತ್ತು ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳಲ್ಲಿ ಎಲ್ಲಿ ಹಾಸಿಗೆಯಿದೆ ಎಂದು ಹೇಳಬಲ್ಲ ಒಂದು ದೂರವಾಣಿ ಸಂಖ್ಯೆ. ಸಂಘ ಸಂಸ್ಥೆಗಳ ವಾಹನಗಳ ಹುಡುಗರಿಗೂ ಜಿಲ್ಲಾ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಒಂದು ತಿಂಗಳು ನಿಂತು ಕಲಿಯಲು ಅವಕಾಶ ಕೊಡಲಿ. ನಮ್ಮ ಜಮಾಅತ್‌ಗಳು ಅದಕ್ಕಾಗಿ ಅರ್ಜಿ ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.